ಲ್ಯಾಬಿನ ಫೈರ್ ಸೇಫ್ಟಿ ಇನ್‌ಚಾರ್ಜ್ ಅಂತ ನನ್ನ ಹೆಸರು ಬರೆದಿದ್ದಾರೆ. ಹಳೇ ತಿಂಗಳುಗಳಿಗೂ ಸಹಿ ಹಾಕಬೇಕಾ?

ರಿಫ್ಲಕ್ಸ್ ರಾಜ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಪಿಎಚ್‌ಡಿ ಮಾಡುತ್ತಿದ್ದೇನೆ. ಸಂಸ್ಥೆಯ ಹೆಸರು ಬೇಡ.

ಡಿಪಾರ್ಟ್‌ಮೆಂಟಿನಿಂದ ಒಂದು ಸರ್ಕ್ಯುಲರ್ ಬಂತು. ಪ್ರತಿ ಲ್ಯಾಬಿಗೂ ಒಬ್ಬ ಫೈರ್ ಸೇಫ್ಟಿ ಇನ್‌ಚಾರ್ಜ್ ಇರಬೇಕಂತೆ. ನಮ್ಮ ಗೈಡ್ ನನ್ನನ್ನು ಕೇಳದೆಯೇ ನನ್ನ ಹೆಸರು ಕೊಟ್ಟರು. ಹೋಗಲಿ, ಸೀನಿಯರ್ ನಾನೇ, ಇನ್ಯಾರನ್ನು ಹಾಕುತ್ತಾರೆ. ಆದರೆ ಆಮೇಲೆ ಆಫೀಸಿನವರು ಒಂದು ರಿಜಿಸ್ಟರ್ ತಂದುಕೊಟ್ಟರು. ತಿಂಗಳಿಗೊಂದು ಪುಟ. ಎಕ್ಸ್‌ಟಿಂಗ್ವಿಷರ್ (ಬೆಂಕಿ ಆರಿಸುವ ಸಿಲಿಂಡರ್) ಸರಿ ಇದೆಯಾ, ಹೊರಗೆ ಹೋಗುವ ದಾರಿ ತೆರೆದಿದೆಯಾ, ಸಾಲ್ವೆಂಟ್ (ದ್ರಾವಕ) ಬೀರುವಿನಲ್ಲಿದೆಯಾ, ವೈರಿಂಗ್ ಸರಿ ಇದೆಯಾ ಅಂತೆಲ್ಲ ಕಾಲಂಗಳು. ಈ ವರ್ಷದ್ದು ಒಂದು ಪುಟವೂ ತುಂಬಿಲ್ಲ. "ಇನ್‌ಸ್ಪೆಕ್ಷನ್ ಬರ್ತಿದೆ, ಜನವರಿಯಿಂದ ಎಲ್ಲಾ ಟಿಕ್ ಮಾಡಿ ಸಹಿ ಹಾಕಿಬಿಡಿ" ಅಂದರು.

ನನಗೆ ಯಾವ ಟ್ರೈನಿಂಗೂ ಕೊಟ್ಟಿಲ್ಲ. ಎಕ್ಸ್‌ಟಿಂಗ್ವಿಷರ್ ಪಿನ್ ಎಳೆದು ನೋಡಿದವನೂ ಅಲ್ಲ. ನಾಳೆ ಏನಾದರೂ ಆದರೆ ಆ ಸಹಿಗೆ ನಾನು ಸಿಕ್ಕಿಹಾಕಿಕೊಳ್ಳುತ್ತೇನಾ? ಇನ್‌ಚಾರ್ಜ್ ಅಂದರೆ ನಿಜಕ್ಕೂ ಏನು ಮಾಡಬೇಕು?

ಸುಮ್ನೆ ಒಬ್ಬ

ಹಾಕಿಬಿಡು ಗುರು. ಎಲ್ಲಾ ಕಡೆ ಇದೇ ಕಥೆ. ಇನ್‌ಸ್ಪೆಕ್ಷನ್‌ನವರು ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಪುಟ ತಿರುವುತ್ತಾರೆ, ಹೋಗುತ್ತಾರೆ. ನೀನು ಥೀಸಿಸ್ ಬರಿ.

ಹಳೇ ಟೆಕ್ನಿಷಿಯನ್, ಧಾರವಾಡ

ಮೇಲಿನವರ ಮಾತು ಕೇಳಬೇಡ ತಮ್ಮಾ. ನೋಡದೇ ಇದ್ದದ್ದನ್ನು ನೋಡಿದ್ದೇನೆ ಅಂತ ಬರೆದುಕೊಟ್ಟರೆ ಅದು ಸುಳ್ಳು ದಾಖಲೆ. ಬೆಂಕಿ ಬಿದ್ದ ಮರುದಿನ ಎಲ್ಲಕ್ಕಿಂತ ಮೊದಲು ಹುಡುಕುವುದು ಈ ರಿಜಿಸ್ಟರನ್ನೇ. ಅವತ್ತು "ಆಫೀಸಿನವರು ಹೇಳಿದರು ಸರ್" ಅಂದರೆ ಯಾರೂ ಕೇಳುವುದಿಲ್ಲ. ಆಫೀಸಿನವರಂತೂ ನಾವು ಹಾಗೆ ಹೇಳೇ ಇಲ್ಲ ಅಂತಾರೆ.

ಹಳೇ ಪುಟಗಳ ಮೇಲೆ "ಈ ತಿಂಗಳು ತಪಾಸಣೆ ಆಗಿಲ್ಲ" ಅಂತ ಬರೆದು ಗೆರೆ ಎಳಿ. ಇವತ್ತಿನ ಪುಟಕ್ಕೆ ಇವತ್ತಿನ ತಾರೀಖು ಹಾಕು, ಕಣ್ಣಿಗೆ ಕಂಡದ್ದನ್ನು ಬರಿ. ಸರಿ ಇಲ್ಲದ್ದಕ್ಕೆ "ಸರಿ ಇಲ್ಲ" ಅಂತಲೇ ಬರಿ. ಅದನ್ನೇ ಒಂದು ಮೇಲ್ ಮಾಡಿ ಗೈಡ್‌ಗೂ ಹೆಡ್‌ಗೂ ಕಳಿಸು, ಫೋಟೋ ಸಮೇತ. ಇದರಲ್ಲಿ ಜಗಳ ಏನೂ ಇಲ್ಲ. ದುಡ್ಡು ಬೇಕಾದ ರಿಪೇರಿ ನಿನ್ನ ಕೈಯಲ್ಲಿ ಆಗುವಂಥದ್ದಲ್ಲ, ಅಷ್ಟೇ.

ಇನ್ನು ನಿಮ್ಮ ಲ್ಯಾಬ್ ಹೇಗಿರಬಹುದು ಅಂತ ನೋಡದೆಯೇ ಹೇಳುತ್ತೇನೆ. ಎಕ್ಸ್‌ಟಿಂಗ್ವಿಷರ್ ನೈಟ್ರೋಜನ್ ಸಿಲಿಂಡರ್ ಹಿಂದೆ ಇದೆ. ಹಿಂದಿನ ಬಾಗಿಲಿಗೆ ಹಳೇ ರೋಟಾವ್ಯಾಪ್ ಯಂತ್ರದ ಡಬ್ಬಿ ಅಡ್ಡ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು ಬೋರ್ಡು, ಅದಕ್ಕೆ ಹಾಟ್‌ಪ್ಲೇಟು. ಮೂಲೆಯಲ್ಲಿ ಮನೆಯಲ್ಲಿಡುವಂಥ ಫ್ರಿಜ್ಜು, ಅದರೊಳಗೆ ಈಥರ್. ಹೌದೋ ಅಲ್ಲವೋ?

ರಿಫ್ಲಕ್ಸ್ ರಾಜ

ಸರ್, ನೀವು ನಮ್ಮ ಲ್ಯಾಬಿಗೆ ಬಂದು ಹೋದವರಾ?! ಫ್ರಿಜ್‌ನಲ್ಲಿ ಈಥರ್ ಇದೆ, ಪಕ್ಕದಲ್ಲಿ ಯಾರದೋ ಮೊಸರನ್ನದ ಡಬ್ಬಿಯೂ ಇದೆ. ಆದರೆ ತಣ್ಣಗೆ ಇಟ್ಟರೆ ಈಥರ್ ಸೇಫ್ ಅಲ್ವಾ?

ಹಳೇ ಟೆಕ್ನಿಷಿಯನ್, ಧಾರವಾಡ

ಅಲ್ಲ. ಡೈಈಥೈಲ್ ಈಥರಿನ ಫ್ಲಾಶ್ ಪಾಯಿಂಟ್ ಮೈನಸ್ 45 ಡಿಗ್ರಿ. ಫ್ರಿಜ್ 4 ಡಿಗ್ರಿ. ಅಂದರೆ ಫ್ರಿಜ್ ಒಳಗೂ ಕಿಡಿ ತಗುಲಿದರೆ ಹತ್ತಿಕೊಳ್ಳುವಷ್ಟು ಆವಿ ಬರುತ್ತಲೇ ಇರುತ್ತದೆ. ಮುಚ್ಚಳ ಸ್ವಲ್ಪ ಸಡಿಲ ಇದ್ದರೆ ಆ ಆವಿ ಮುಚ್ಚಿದ ಪೆಟ್ಟಿಗೆಯೊಳಗೇ ತುಂಬಿಕೊಳ್ಳುತ್ತದೆ. ಮನೆಯ ಫ್ರಿಜ್‌ನಲ್ಲಿ ಥರ್ಮೋಸ್ಟಾಟ್ ಇದೆ, ಬಾಗಿಲು ತೆಗೆದರೆ ಹತ್ತುವ ದೀಪದ ಸ್ವಿಚ್ ಇದೆ. ಎರಡೂ ಸಣ್ಣ ಕಿಡಿ ಹಾರಿಸುತ್ತವೆ. ರಾತ್ರಿ ಯಾರೂ ಇಲ್ಲದಾಗ ಬಾಗಿಲೇ ಕಿತ್ತು ಎದುರಿನ ಗೋಡೆಗೆ ಹೊಡೆಯಬಹುದು. ಇಂಥದ್ದಕ್ಕೇ ಒಳಗೆ ಕಿಡಿ ಬರದಂತೆ ಮಾಡಿದ ಫ್ರಿಜ್ ಸಿಗುತ್ತದೆ. ದುಬಾರಿ ನಿಜ. ಅದು ಬರುವವರೆಗೆ ಈಥರನ್ನು ಗಾಳಿಯಾಡುವ ಸಾಲ್ವೆಂಟ್ ಬೀರುವಿಗೆ ಸಾಗಿಸು.

ಬಾಟಲಿಯ ಮೇಲೆ ತೆರೆದ ತಾರೀಖು ಇದೆಯಾ ಅದನ್ನೂ ನೋಡು. ಹಳೇ ಈಥರು, ಟಿಎಚ್‌ಎಫ್ ಅನ್ನುವ ಸಾಲ್ವೆಂಟು ಎರಡರಲ್ಲೂ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ, ಅದು ಅಲುಗಿದರೂ ಸಿಡಿಯಬಹುದು. ಮುಚ್ಚಳದ ಸುತ್ತ ಬಿಳಿ ಹರಳು ಕಂಡರೆ ಮುಟ್ಟಲೇಬೇಡ, ತಿರುಗಿಸಲೂ ಬೇಡ. ದೊಡ್ಡವರನ್ನು ಕರಿ.

ಮೊಸರನ್ನದ ಯಜಮಾನನಿಗೆ ನನ್ನ ಕಡೆಯಿಂದ ಎರಡು ಬೈಗುಳ.

ನಿವೃತ್ತ ಅಗ್ನಿಶಾಮಕ

ಈ ಚರ್ಚೆಯನ್ನು ಮಗಳು ಕಳಿಸಿದಳು. ಕರ್ನಾಟಕ ಅಗ್ನಿಶಾಮಕ ಇಲಾಖೆಯಲ್ಲಿ ಇದ್ದವನು, ಈಗ ಮನೆಯಲ್ಲಿದ್ದೇನೆ. ಎಕ್ಸ್‌ಟಿಂಗ್ವಿಷರ್ ಬಗ್ಗೆ ಯಾರೂ ಬರೆಯಲಿಲ್ಲವಲ್ಲ, ನಾನೇ ಬರೆಯುತ್ತೇನೆ.

ಮರಿ, ನೀನು ರಿಜಿಸ್ಟರಿನಲ್ಲಿ "ಗೇಜ್ ಹಸಿರಿನಲ್ಲಿದೆ, ಸರಿ" ಅಂತ ಟಿಕ್ ಮಾಡುವ ಮೊದಲು ಒಂದು ವಿಷಯ ತಿಳಿದುಕೋ. ಗೇಜ್ ಇರುವುದು ಪೌಡರ್ ಸಿಲಿಂಡರಿಗೆ. ಸಿಒಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರಿಗೆ ಗೇಜೇ ಇರುವುದಿಲ್ಲ. ಅದನ್ನು ತೂಕ ಹಾಕಿಯೇ ನೋಡಬೇಕು. ಒಳಗಿನ ಗ್ಯಾಸ್ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. ಐದು ವರ್ಷಕ್ಕೊಮ್ಮೆ ಪ್ರೆಷರ್ ಟೆಸ್ಟ್ ಆಗಬೇಕು. ಖಾಲಿ ಸಿಒಟು ಸಿಲಿಂಡರು ಗೋಡೆಗೆ ಚೆಂದಾಗಿ ನೇತಾಡುತ್ತಿರುವುದನ್ನು ನಾನು ಬೇಕಾದಷ್ಟು ಕಡೆ ನೋಡಿದ್ದೇನೆ. ಮೇಲೆ ಚೀಟಿ ಮಾತ್ರ ಹೊಸದು.

ಇದೆಲ್ಲ ನಮ್ಮ ದೇಶದ ಸ್ಟ್ಯಾಂಡರ್ಡಿನಲ್ಲೇ ಇದೆ. ಐಎಸ್ 2190 ಅಂತ. ಎಲ್ಲಿ ಯಾವುದನ್ನು ಇಡಬೇಕು, ಹೇಗೆ ನೋಡಿಕೊಳ್ಳಬೇಕು ಅಂತ ಅದರಲ್ಲಿ ಬರೆದಿದ್ದಾರೆ. ಡಿಪಾರ್ಟ್‌ಮೆಂಟಿನಿಂದ ಒಂದು ಪ್ರತಿ ತರಿಸಿಕೋ.

ಬಳಸುವುದು ಸುಲಭ. ಪಿನ್ ಎಳೆ, ಬೆಂಕಿಯ ಬುಡಕ್ಕೆ ಹಿಡಿ, ಒತ್ತು, ಆ ಕಡೆಯಿಂದ ಈ ಕಡೆಗೆ ಆಡಿಸು. ಜ್ವಾಲೆಯ ತುದಿಗೆ ಹೊಡೆದರೆ ಪ್ರಯೋಜನ ಇಲ್ಲ. ತೀರಾ ಹತ್ತಿರ ಹೋಗಿ ಹೊಡೆದರೆ ಬೀಕರಿನೊಳಗಿನ ಸಾಲ್ವೆಂಟ್ ಚೆಲ್ಲಿ ಬೆಂಕಿ ಹರಡುತ್ತದೆ. ಸಿಒಟು ಸಿಲಿಂಡರಿನ ಹಾರ್ನನ್ನು (ಗ್ಯಾಸ್ ಹೊರಬರುವ ಕೊಳವೆ) ಬರಿಗೈಯಲ್ಲಿ ಹಿಡಿಯಬಾರದು, ಚಳಿಗೆ ಚರ್ಮ ಅಂಟಿಕೊಳ್ಳುತ್ತದೆ. ಸಣ್ಣ ಮುಚ್ಚಿದ ಕೋಣೆಯಲ್ಲಿ ಹೊಡೆದರೆ ಹೊಡೆದವನಿಗೇ ಉಸಿರು ಕಟ್ಟುತ್ತದೆ. ಪೂರ್ತಿ ಸಿಲಿಂಡರ್ ಅರ್ಧ ನಿಮಿಷವೂ ಬರುವುದಿಲ್ಲ. ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಆರದಿದ್ದರೆ ಅದು ನಿನ್ನ ಬೆಂಕಿ ಅಲ್ಲ, ನಮ್ಮದು. ಹೊರಗೆ ಬಾ. ಬೆಂಕಿ ಆರಿಸುವಾಗ ಬಾಗಿಲು ಯಾವಾಗಲೂ ನಿನ್ನ ಬೆನ್ನ ಹಿಂದೆ ಇರಬೇಕು.

ಬಾಗಿಲಿನ ಮಾತು ಬಂತು. ಬೆಂಗಳೂರಿನವರಿಗೆ ಕಾರ್ಲ್‌ಟನ್ ಟವರ್ಸ್ ನೆನಪಿರಬೇಕು. ಹಳೇ ಏರ್‌ಪೋರ್ಟ್ ರಸ್ತೆ, 2010ರ ಫೆಬ್ರುವರಿ 23. ಒಂಬತ್ತು ಜನ ಹೋದರು. ಬೆಂಕಿ ಅಂಥ ದೊಡ್ಡದೇನೂ ಆಗಿರಲಿಲ್ಲ, ವೈರಿಂಗ್ ಡಕ್ಟಿನಲ್ಲಿ ಹೊಗೆ ಮೇಲಕ್ಕೆ ಏರಿತು. ಜನ ಕಿಟಕಿ ಒಡೆದು ಹಾರಿದರು. ತುರ್ತು ದಾರಿಗೆ ಬೀಗ ಇತ್ತು ಅನ್ನುವುದು ಆಗ ದೊಡ್ಡ ಸುದ್ದಿ. ನಿಮ್ಮ ಕಾಲೇಜುಗಳಲ್ಲೂ ರಾತ್ರಿ ಕಳ್ಳತನದ ಭಯಕ್ಕೆ ಹಿಂದಿನ ಗ್ರಿಲ್ಲಿಗೆ ಬೀಗ ಹಾಕಿ ಕೀಲಿ ವಾಚ್‌ಮನ್ ಹತ್ತಿರ ಕೊಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಮೂರನೇ ಮಹಡಿಯಲ್ಲಿ ನೀವು ಕೆಲಸ ಮಾಡುತ್ತಿರುತ್ತೀರಿ. ಅದನ್ನು ಮೊದಲು ನೋಡು. ಉಳಿದದ್ದೆಲ್ಲ ಆಮೇಲೆ.

ಯೂಟ್ಯೂಬ್ ವಿಜ್ಞಾನಿ

ಸರ್, ಎಕ್ಸ್‌ಟಿಂಗ್ವಿಷರ್ ಮೇಲೆ ಬರೆದಿರುವ ಎಬಿಸಿ ಪೌಡರ್‌ನಲ್ಲಿ ಸಿ ಅಂದರೆ ಕರೆಂಟಿನ ಬೆಂಕಿ ಅಲ್ವಾ? ಒಂದು ವೀಡಿಯೊದಲ್ಲಿ ಹಾಗೇ ಹೇಳಿದ್ದರು.

ನಿವೃತ್ತ ಅಗ್ನಿಶಾಮಕ

ಅದು ಅಮೆರಿಕದ ಲೆಕ್ಕ. ನಮ್ಮಲ್ಲಿ ಎ ಅಂದರೆ ಕಟ್ಟಿಗೆ, ಕಾಗದ, ಬಟ್ಟೆ. ಬಿ ಅಂದರೆ ಉರಿಯುವ ದ್ರವ. ಸಿ ಅಂದರೆ ಉರಿಯುವ ಗ್ಯಾಸ್. ಡಿ ಅಂದರೆ ಲೋಹ. ಕರೆಂಟಿಗೆ ಪ್ರತ್ಯೇಕ ಅಕ್ಷರವೇ ಇಲ್ಲ. ಮೇನ್ ಆಫ್ ಮಾಡಿದ ಮೇಲೆ ಏನು ಉರಿಯುತ್ತಿದೆಯೋ ಅದೇ ವರ್ಗ. ಗ್ಯಾಸ್ ಬೆಂಕಿಯಾದರೆ ಮೊದಲು ವಾಲ್ವ್ ಮುಚ್ಚಬೇಕು. ಮುಚ್ಚದೆ ಜ್ವಾಲೆ ಮಾತ್ರ ಆರಿಸಿದರೆ ಗ್ಯಾಸ್ ತುಂಬಿ ಆಮೇಲೆ ಇನ್ನೂ ಜೋರಾಗಿ ಹೊತ್ತಿಕೊಳ್ಳುತ್ತದೆ.

ಗ್ರಿನ್ಯಾರ್ ಗಿರಿಜೆ

ನಾನು ಫಾರ್ಮಾ ಕಂಪನಿಯೊಂದರಲ್ಲಿ ಸಿಂಥಸಿಸ್ ಮಾಡುತ್ತೇನೆ. ಸರ್ ಹೇಳಿದ ಡಿ ವರ್ಗ ನಮ್ಮಂಥವರ ದಿನದ ಪಾಡು. ರಾಜ, ನಿಮ್ಮಲ್ಲಿ ಸೋಡಿಯಂ, ಎಲ್‌ಎಎಚ್ (ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡ್) ಬಳಸುತ್ತೀರಾ? ಹಾಗಿದ್ದರೆ ನಿಮ್ಮ ಎಬಿಸಿ ಪೌಡರೂ ಸಿಒಟು ಸಿಲಿಂಡರೂ ಅದಕ್ಕೆ ಆಗಿಬರಲ್ಲ. ನೀರಂತೂ ಕೇಳಲೇಬೇಡಿ. ಒಣ ಮರಳು ಬೇಕು, ಇಲ್ಲವೇ ಡಿ ವರ್ಗದ ಪೌಡರು. ಮರಳು ಒಣಗಿರಬೇಕು ಅನ್ನುವುದು ಮುಖ್ಯ. ಕಾರಿಡಾರಿನ ಕೆಂಪು ಬಕೆಟ್‌ಗೆ ಮಳೆ ಎರಚಲು ಬಿದ್ದು ಮರಳು ಗಟ್ಟಿಯಾಗಿರುತ್ತದೆ, ಮೇಲೆ ಗುಟ್ಕಾ ಚೀಟಿ. ಹಸಿ ಮರಳನ್ನು ಸೋಡಿಯಂ ಮೇಲೆ ಸುರಿದರೆ ನೀರು ತಾಗಿ ಸಿಡಿಯುತ್ತದೆ ಅಂತ ನಿಮಗೆ ಗೊತ್ತಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ, ಹೊಣೆ ಯಾರದು ಅನ್ನುವುದು. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ಯೂನಿವರ್ಸಿಟಿಯಲ್ಲಿ ನಡೆದ ಶೆರಿ ಸಂಗ್ಜಿ ಪ್ರಕರಣ ಓದಿ. ಕೆಮಿಸ್ಟ್ರಿ ಲ್ಯಾಬಿಗೆ ಕಾಲಿಡುವ ಎಲ್ಲರೂ ಓದಬೇಕು. ಆಕೆಗೆ 23 ವರ್ಷ, ರಿಸರ್ಚ್ ಅಸಿಸ್ಟೆಂಟ್, ಸೇರಿ ಮೂರು ತಿಂಗಳೂ ಆಗಿರಲಿಲ್ಲ. 2008ರ ಡಿಸೆಂಬರ್ 29. ಹೆಚ್ಚಿನವರು ರಜೆಯಲ್ಲಿದ್ದರು. ಟರ್ಷಿಯರಿ ಬ್ಯುಟೈಲ್ ಲಿಥಿಯಂ ಅನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ ಎಳೆಯುತ್ತಿದ್ದರು. ಅದು ಗಾಳಿ ತಗುಲಿದರೆ ತಾನಾಗಿಯೇ ಹೊತ್ತಿಕೊಳ್ಳುವ ವಸ್ತು. ಸಿರಿಂಜಿನ ಪ್ಲಂಜರ್ ಕಿತ್ತುಬಂತು. ಮೈಮೇಲೆ ಲ್ಯಾಬ್ ಕೋಟ್ ಇರಲಿಲ್ಲ, ಸಿಂಥೆಟಿಕ್ ಸ್ವೆಟರ್ ಇತ್ತು. ಸಿಂಥೆಟಿಕ್ ಬಟ್ಟೆ ಉರಿಯುವಾಗ ಕರಗಿ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ಹದಿನೆಂಟು ದಿನ ಆಸ್ಪತ್ರೆಯಲ್ಲಿ ನರಳಿ 2009ರ ಜನವರಿ 16ರಂದು ತೀರಿಕೊಂಡರು.

ಈಗ ನಿಮ್ಮ ರಿಜಿಸ್ಟರಿಗೆ ಬನ್ನಿ. ಆ ಲ್ಯಾಬಿನ ಇನ್‌ಸ್ಪೆಕ್ಷನ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಆಗಿತ್ತು. ಲ್ಯಾಬ್ ಕೋಟ್ ಹಾಕುತ್ತಿಲ್ಲ ಅಂತ ಬರೆದೂ ಇದ್ದರು. ಬರೆದದ್ದು ಬರೆದಹಾಗೇ ಇತ್ತು, ಸರಿಪಡಿಸಲಿಲ್ಲ. ಆ ರಾಜ್ಯದ ಸೇಫ್ಟಿ ಇಲಾಖೆ ಮೊದಲು 31,875 ಡಾಲರ್ ದಂಡ ಹಾಕಿತು. ಆಮೇಲೆ 2011ರಲ್ಲಿ ಯೂನಿವರ್ಸಿಟಿಯ ಮೇಲೂ ಆ ಲ್ಯಾಬಿನ ಪ್ರೊಫೆಸರ್ ಮೇಲೂ ಕ್ರಿಮಿನಲ್ ಕೇಸ್ ಬಿತ್ತು. ಯೂನಿವರ್ಸಿಟಿ ಹೊಣೆ ಒಪ್ಪಿಕೊಂಡು, ಆಕೆಯ ಹೆಸರಿನಲ್ಲಿ ಐದು ಲಕ್ಷ ಡಾಲರಿನ ಸ್ಕಾಲರ್‌ಶಿಪ್ ಇಟ್ಟು, ಕೇಸಿನಿಂದ ಹೊರಬಂತು. ಪ್ರೊಫೆಸರ್ 2014ರಲ್ಲಿ ಒಪ್ಪಂದ ಮಾಡಿಕೊಂಡರು. 800 ಗಂಟೆ ಸಮುದಾಯ ಸೇವೆ, ಸುಟ್ಟಗಾಯದ ಆಸ್ಪತ್ರೆಗೆ 10,000 ಡಾಲರ್. ಇಷ್ಟೇನಾ ಅಂತ ಆಕೆಯ ಮನೆಯವರಿಗೆ ತುಂಬಾ ಬೇಸರವಾಯಿತು. ನನಗೂ ಹಾಗೇ ಅನಿಸುತ್ತದೆ. ಆದರೆ ಅಲ್ಲಿ ಯಾರೂ ಲ್ಯಾಬಿನ ಸ್ಟೂಡೆಂಟನ್ನು ಹಿಡಿದು ತರಲಿಲ್ಲ ಅನ್ನುವುದನ್ನು ಗಮನಿಸಿ.

ಸುಮ್ನೆ ಒಬ್ಬ

ಅದು ಅಮೆರಿಕ. ಇಲ್ಲಿ ಯಾರು ಕೇಸ್ ಹಾಕುತ್ತಾರೆ?

ಗ್ರಿನ್ಯಾರ್ ಗಿರಿಜೆ

ಕೇಸ್ ಬಿಡಿ, ಸಾವು ಇಲ್ಲಿಯೂ ಆಗಿದೆ. ಅದೇ ಡಿಸೆಂಬರ್ 29, ಸರಿಯಾಗಿ ಒಂದು ವರ್ಷದ ನಂತರ, 2009ರಲ್ಲಿ ಮುಂಬೈನ ಬಿಎಆರ್‌ಸಿಯ (ಭಾಭಾ ಅಣು ಸಂಶೋಧನಾ ಕೇಂದ್ರ) ಕೆಮಿಸ್ಟ್ರಿ ಲ್ಯಾಬಿನಲ್ಲಿ ಬೆಂಕಿ ಬಿದ್ದು ಇಬ್ಬರು ಯುವ ಸಂಶೋಧಕರು ತೀರಿಕೊಂಡರು. ನಮ್ಮ ಬೆಂಗಳೂರಿನಲ್ಲೇ 2018ರ ಡಿಸೆಂಬರ್ 5ರಂದು ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಸಿಲಿಂಡರ್ ಸ್ಫೋಟವಾಗಿ ಒಬ್ಬರು ಹೋದರು, ಮೂವರಿಗೆ ಗಾಯ. ಇನ್ನೂ ಬೇಕಾ?

ಪ್ರಾಧ್ಯಾಪಕಿ, ಮೈಸೂರು

ಗೈಡ್‌ಗಳ ಕಡೆಯ ಮಾತನ್ನೂ ಸ್ವಲ್ಪ ಕೇಳಿ. ನಾನು ಲ್ಯಾಬ್ ನಡೆಸುವವಳು. ಕೋಟ್ ಹಾಕಿ ಅಂದರೆ ನಾನಿದ್ದಾಗ ಹಾಕುತ್ತಾರೆ, ಹೋದಮೇಲೆ ಕುರ್ಚಿಗೆ ನೇತುಹಾಕುತ್ತಾರೆ. ಕನ್ನಡಕ ತಲೆಯ ಮೇಲಿರುತ್ತದೆ. ನೈಟ್ರಿಕ್ ಆಸಿಡ್ ವೇಸ್ಟನ್ನು ಅಸಿಟೋನ್ ವೇಸ್ಟ್ ಬಾಟಲಿಗೆ ಸುರಿಯಬೇಡಿ ಅಂತ ಬೋರ್ಡ್ ಬರೆದು ಹಾಕಿದ್ದೇನೆ. ಆ ಬೋರ್ಡಿನ ಕೆಳಗೇ ಸುರಿದವರಿದ್ದಾರೆ. ಬಾಟಲಿ ಬಿಸಿಯಾಗಿ ಉಬ್ಬಿತ್ತು. ಮುಚ್ಚಳ ಬಿಗಿಯಾಗಿದ್ದಿದ್ದರೆ ಸಿಡಿಯುತ್ತಿತ್ತು. ಎಲ್ಲದಕ್ಕೂ ನಾನೇ ಹೊಣೆ ಅಂದರೆ ನಾನು ಇಪ್ಪತ್ತನಾಲ್ಕು ಗಂಟೆ ಬಾಗಿಲಲ್ಲಿ ನಿಲ್ಲಲಾ?

ಹಣದ ಮಾತನ್ನಂತೂ ಯಾರೂ ಎತ್ತುವುದಿಲ್ಲ. ಪ್ರಾಜೆಕ್ಟ್ ಗ್ರಾಂಟಿನಲ್ಲಿ ಇನ್‌ಸ್ಟ್ರುಮೆಂಟ್‌ಗೆ ದುಡ್ಡು ಸಿಗುತ್ತದೆ. ಸಾಲ್ವೆಂಟ್ ಬೀರುವಿಗೆ ಕೇಳಿದರೆ ಅದು ಸಂಸ್ಥೆ ಕೊಡಬೇಕು ಅನ್ನುತ್ತಾರೆ. ಸಂಸ್ಥೆಯನ್ನು ಕೇಳಿದರೆ ಗ್ರಾಂಟಿನಲ್ಲಿ ಹಾಕಿಕೊಳ್ಳಿ ಅನ್ನುತ್ತಾರೆ.

ಗ್ರಿನ್ಯಾರ್ ಗಿರಿಜೆ

ಮೇಡಂ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಬೋರ್ಡ್ ಹಾಕಿದರೆ ಆಗುವ ಕೆಲಸ ಅಲ್ಲ ಅದು. ನಮ್ಮ ಕಂಪನಿಯಲ್ಲಿ ಕೋಟ್ ಇಲ್ಲದೆ ಒಳಗೆ ಬಂದರೆ ಆ ದಿನ ಕೆಲಸ ಇಲ್ಲ, ಎಷ್ಟೇ ದೊಡ್ಡ ಸೈಂಟಿಸ್ಟ್ ಆಗಿದ್ದರೂ. ಅದೇ ಹುಡುಗರು ನಿಮ್ಮಲ್ಲಿಂದ ನಮ್ಮಲ್ಲಿಗೆ ಬಂದು ಮೊದಲ ವಾರದಲ್ಲೇ ಸರಿಹೋಗುತ್ತಾರೆ. ಹುಡುಗರು ಬದಲಾದದ್ದಲ್ಲ. ನಿಲ್ಲಿಸುವ ಅಧಿಕಾರ ಇರುವವರು ನಿಲ್ಲಿಸುತ್ತಾರೆ ಅಂತ ಅವರಿಗೆ ಗೊತ್ತಾಗಿರುತ್ತದೆ. ರಾಜನಿಗೆ ಆ ಅಧಿಕಾರ ಇದೆಯಾ? ಜೂನಿಯರ್ ಒಬ್ಬ ಕೋಟ್ ಹಾಕದೆ ಬ್ಯುಟೈಲ್ ಲಿಥಿಯಂ ಬಾಟಲಿ ಎತ್ತಿದರೆ "ನಿಲ್ಲಿಸು" ಅನ್ನಬಹುದಾ? ಆಮೇಲೆ ಗೈಡ್ "ರಿಸಲ್ಟ್ ಎಲ್ಲಿ" ಅಂತ ಕೇಳಿದಾಗ ರಾಜನ ಪರ ಯಾರು ಮಾತಾಡುತ್ತಾರೆ?

ಪ್ರಾಧ್ಯಾಪಕಿ, ಮೈಸೂರು

ಅದು ಸರಿಯಾದ ಪ್ರಶ್ನೆ, ಒಪ್ಪುತ್ತೇನೆ. ಇನ್‌ಚಾರ್ಜ್ ಅಂತ ಹೆಸರು ಕೊಡುವಾಗ ನಿಲ್ಲಿಸುವ ಅಧಿಕಾರವನ್ನೂ ಗೈಡ್ ಬರೆದುಕೊಡಬೇಕು. ಬಾಯಿಮಾತು ಸಾಲದು.

ಮ್ಯೂನಿಕ್ ಮಲ್ಲಿಗೆ

ಜರ್ಮನಿಯಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ. ಇಲ್ಲಿ ಇದನ್ನು ಹೇಗೆ ಮಾಡಿದ್ದಾರೆ ಅಂತ ಹೇಳುತ್ತೇನೆ, ಚರ್ಚೆಗೆ ಉಪಯೋಗವಾಗಬಹುದು.

ಇಲ್ಲಿ ಲ್ಯಾಬಿನೊಳಗೆ ಸೇಫ್ಟಿ ಪ್ರತಿನಿಧಿ ಅಂತ ಒಬ್ಬರಿರುತ್ತಾರೆ, ನಮ್ಮಂಥ ಕೆಲಸಗಾರರಲ್ಲೇ ಒಬ್ಬರು. ಅವರ ಕೆಲಸ ಕಣ್ಣಿಟ್ಟು ನೋಡುವುದು, ಸರಿ ಇಲ್ಲದ್ದನ್ನು ಹೇಳುವುದು, ಅಷ್ಟೇ. ಅವರು ಆ ಸ್ಥಾನದಲ್ಲಿದ್ದಾರೆ ಅನ್ನುವ ಕಾರಣಕ್ಕೆ ಕಾನೂನಿನ ಹೊಣೆ ಅವರ ತಲೆಗೆ ಬರುವುದಿಲ್ಲ. ಹೊಣೆ ಕೆಲಸ ಕೊಟ್ಟವರದ್ದು. ಅವರು ಅದನ್ನು ಕೆಳಗಿನವರಿಗೆ ಒಪ್ಪಿಸಬಹುದು, ಆದರೆ ಬರವಣಿಗೆಯಲ್ಲೇ ಆಗಬೇಕು. ಒಪ್ಪಿಸಿಕೊಳ್ಳುವವರಿಗೆ ಆ ಕೆಲಸ ಗೊತ್ತಿರಲೂಬೇಕು.

ಬೆಂಕಿಗೇ ಬೇರೆ ಜನ. ಸಾಮಾನ್ಯ ಅಪಾಯದ ಜಾಗದಲ್ಲಿ ನೂರಕ್ಕೆ ಐದು ಮಂದಿಗಾದರೂ ಬೆಂಕಿ ಆರಿಸುವ ತರಬೇತಿ ಕೊಡಬೇಕು. ಕೈಯಲ್ಲಿ ಎಕ್ಸ್‌ಟಿಂಗ್ವಿಷರ್ ಹಿಡಿಸಿ ನಿಜವಾದ ಬೆಂಕಿ ಆರಿಸಿಸುತ್ತಾರೆ. ನಾನೂ ಮಾಡಿದೆ. ಆ ಶಬ್ದಕ್ಕೇ ಬೆಚ್ಚಿಬಿದ್ದೆ. ಮೊದಲ ಸಲ ಆ ಶಬ್ದವನ್ನು ನಿಜವಾದ ಬೆಂಕಿಯ ಮುಂದೆ ಕೇಳಬಾರದು.

ರಾಜ, ನಿಮ್ಮ ಸಂಸ್ಥೆ ನಿಮ್ಮನ್ನು ಈ ಎರಡರಲ್ಲಿ ಯಾವುದು ಅಂದುಕೊಂಡಿದೆ ಅಂತ ಕೇಳಿ. ಕಣ್ಣಿಡುವವರಾ, ಹೊಣೆ ಹೊರುವವರಾ?

ಟಿಶ್ಯೂ ಕಲ್ಚರ್ ಟೀನಾ

ಬರೀ ಕೆಮಿಸ್ಟ್ರಿ ಲ್ಯಾಬಿನದ್ದೇ ಮಾತಾಯಿತು. ನಮ್ಮಂಥ ಬಯಾಲಜಿಯವರು ನಮ್ಮಲ್ಲೇನು ಬೆಂಕಿ ಅಂತ ಆರಾಮಾಗಿರುತ್ತೇವೆ. ನಾನು ಶಿವಮೊಗ್ಗ ಕಡೆ ಬಾಳೆ ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಇದ್ದವಳು. ಲ್ಯಾಮಿನಾರ್ (ಸೋಸಿದ ಗಾಳಿ ಬೀಸುವ ಕೆಲಸದ ಪೆಟ್ಟಿಗೆ) ಒಳಗೆ ಒಂದು ಸ್ಪಿರಿಟ್ ಲ್ಯಾಂಪ್, ಪಕ್ಕದಲ್ಲೇ ಫೋರ್ಸೆಪ್ಸ್ (ಚಿಮಟ) ಅದ್ದಲು ಆಲ್ಕೋಹಾಲ್ ತುಂಬಿದ ಜಾರ್, ಕೈಯಲ್ಲಿ 70 ಪರ್ಸೆಂಟ್ ಎಥನಾಲ್ ಸ್ಪ್ರೇ. ಫೋರ್ಸೆಪ್ಸ್ ಅದ್ದು, ಜ್ವಾಲೆಗೆ ಹಿಡಿ, ಕೆಲಸ ಮಾಡು, ಮತ್ತೆ ಅದ್ದು. ದಿನವಿಡೀ ಅದೇ. ಸ್ವಲ್ಪ ಅವಸರ ಮಾಡಿದರೆ ಇನ್ನೂ ಉರಿಯುತ್ತಿರುವ ಫೋರ್ಸೆಪ್ಸ್ ಜಾರಿಗೆ ಹೋಗುತ್ತದೆ. ಆಲ್ಕೋಹಾಲ್ ಜ್ವಾಲೆ ಲ್ಯಾಮಿನಾರ್ ಬೆಳಕಿನಲ್ಲಿ ಕಣ್ಣಿಗೇ ಕಾಣಲ್ಲ. ಎದುರಿನಿಂದ ಗಾಳಿ ಬೀಸುವ ಲ್ಯಾಮಿನಾರ್ ಆದರೆ ಆ ಗಾಳಿ ಬರುವುದು ನಮ್ಮ ಮುಖಕ್ಕೇ.

70 ಪರ್ಸೆಂಟ್ ಅಂದರೆ ಮೂವತ್ತು ಪರ್ಸೆಂಟ್ ನೀರಲ್ವಾ, ಹತ್ತಿಕೊಳ್ಳಲ್ಲ ಅಂತ ನಂಬಿದವರು ತುಂಬಾ ಜನ. ಅದರ ಫ್ಲಾಶ್ ಪಾಯಿಂಟ್ 17 ಡಿಗ್ರಿ ಆಸುಪಾಸು. ನಮ್ಮ ಊರಿನಲ್ಲಿ ಯಾವ ಮಧ್ಯಾಹ್ನವೂ ಅದಕ್ಕಿಂತ ಬಿಸಿಯೇ. ಸ್ಪ್ರೇ ಮಾಡಿದ ಮೇಲೆ ಪೂರ್ತಿ ಒಣಗುವವರೆಗೆ ಲ್ಯಾಂಪ್ ಹಚ್ಚಬಾರದು. ಕೈಗೆ ಸ್ಪ್ರೇ ಹೊಡೆದುಕೊಂಡು ತಕ್ಷಣ ಜ್ವಾಲೆಯ ಹತ್ತಿರ ಹೋಗಬಾರದು. ಗ್ಲೌಸ್ ಹಾಕಿಕೊಂಡು ಜ್ವಾಲೆಯ ಹತ್ತಿರ ಕೆಲಸ ಬೇಡ, ಅದು ಕರಗಿ ಕೈಗೇ ಹಿಡಿಯುತ್ತದೆ. ಈಗ ಗಾಜಿನ ಮಣಿ ತುಂಬಿದ ಕರೆಂಟ್ ಸ್ಟೆರಿಲೈಜರ್ ಬಂದಿದೆ. ಫೋರ್ಸೆಪ್ಸ್ ಅದರಲ್ಲಿ ಚುಚ್ಚಿ ತೆಗೆದರೆ ಆಯಿತು, ಜ್ವಾಲೆಯೇ ಬೇಡ.

ಇನ್ನೊಂದು ಮಾತು. ಅಲ್ಲಿ ಕೆಲಸ ಮಾಡುವವರು ಹೆಚ್ಚಿನವರು ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು, ದಿನಗೂಲಿ. ಪಾಲಿಯೆಸ್ಟರ್ ದುಪ್ಪಟ್ಟಾ, ಸೀರೆ ಸೆರಗು. ಅವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರಲ್ಲ. ಡ್ರಿಲ್ ಮಾಡಿದರೆ ಸೈಂಟಿಸ್ಟುಗಳಿಗೆ ಮಾತ್ರ, ಅದೂ ಇಂಗ್ಲಿಷಿನಲ್ಲಿ. ಬೆಂಕಿಯ ಹತ್ತಿರ ಕೂರುವವರಿಗೆ ಅವರ ಭಾಷೆಯಲ್ಲಿ ಹೇಳಬೇಕು ಅಂತ ಯಾರಿಗೂ ಹೊಳೆಯುವುದಿಲ್ಲವಲ್ಲ ಅಂತ ಸಿಟ್ಟು ಬರುತ್ತದೆ.

ನಿವೃತ್ತ ಅಗ್ನಿಶಾಮಕ

ತಾಯಿ, ನೂರಕ್ಕೆ ನೂರು ನಿಜ. ಲ್ಯಾಬ್ ಗುಡಿಸುವವರಿಗೂ ರಾತ್ರಿ ವಾಚ್‌ಮನ್‌ಗೂ ಹೇಳಿಕೊಡಬೇಕು. ರಾತ್ರಿ ಮೊದಲು ಹೊಗೆ ನೋಡುವುದು ವಾಚ್‌ಮನ್ನೇ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ಸೇಫ್ಟಿ ಶವರ್ ನಾಲ್ಕು ಹೆಜ್ಜೆಯಲ್ಲಿದ್ದರೆ ಅದರ ಕೆಳಗೆ ನಿಲ್ಲಬೇಕು. ಇಲ್ಲದಿದ್ದರೆ ನೆಲಕ್ಕೆ ಬಿದ್ದು ಉರುಳಬೇಕು. ನಿಂತೇ ಇದ್ದರೆ ಜ್ವಾಲೆ ಮುಖಕ್ಕೆ ಏರುತ್ತದೆ. ಸುಟ್ಟ ಜಾಗಕ್ಕೆ ನಲ್ಲಿಯ ತಣ್ಣೀರು, ಇಪ್ಪತ್ತು ನಿಮಿಷ. ಐಸ್ ಬೇಡ. ಟೂತ್‌ಪೇಸ್ಟ್, ಅರಿಶಿನ, ಇಂಕು ಯಾವುದೂ ಬೇಡ. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ.

ಜಲಮಂಡಳಿ ಸಂತ್ರಸ್ತ

ರಾತ್ರಿ ಅಂದಿದ್ದಕ್ಕೆ ನೆನಪಾಯಿತು. ನಮ್ಮ ಲ್ಯಾಬಿನಲ್ಲಿ ಬೆಂಕಿಗೆ ದೊಡ್ಡ ಕಾರಣ ಕಾರ್ಪೊರೇಷನ್ ನೀರು! ನಗಬೇಡಿ. ಸಂಜೆ ರಿಫ್ಲಕ್ಸ್ (ಸಾಲ್ವೆಂಟ್ ಕುದಿಸಿ, ಆವಿ ತಣಿಸಿ ವಾಪಸ್ ಇಳಿಸುವುದು) ಇಟ್ಟು ಮನೆಗೆ ಹೋಗುತ್ತೇವೆ. ರಾತ್ರಿ ಟ್ಯಾಂಕ್ ಖಾಲಿ. ಆವಿ ತಣಿಸುವ ಕಂಡೆನ್ಸರಿನಲ್ಲಿ ನೀರು ನಿಂತಿತು. ಸಾಲ್ವೆಂಟ್ ಆವಿ ಸೀದಾ ಹೊರಗೆ, ಕೆಳಗೆ ಹಾಟ್‌ಪ್ಲೇಟ್. ಈಥರ್ ಆವಿಗೆ 160ರಿಂದ 180 ಡಿಗ್ರಿ ಬಿಸಿ ಸಿಕ್ಕರೆ ಕಿಡಿಯೂ ಬೇಡ, ತಾನೇ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರ ಬೇರೆ, ಬೆಂಚಿನ ಮೇಲೆ ಹರಿದು ಹೋಗಿ ಎಲ್ಲೋ ದೂರದ ಸ್ವಿಚ್ಚಿನಿಂದ ಹತ್ತಿಕೊಂಡು ವಾಪಸ್ ಬರುತ್ತದೆ. ಇಲ್ಲದಿದ್ದರೆ ಬೆಳಗಿನ ಜಾವ ನೀರು ಒಮ್ಮೆಗೇ ಜೋರಾಗಿ ಬಂದು ಟ್ಯೂಬ್ ಕಿತ್ತು ಬಿಸಿ ಎಣ್ಣೆ ಬಾತ್ ಮೇಲೆ ನೀರು ಚಿಮ್ಮುತ್ತದೆ. ಕರೆಂಟ್ ಹೋಗಿ ಬಂದರೆ ನಾಬ್ ತಿರುಗಿಸುವ ಹಳೇ ಹಾಟ್‌ಪ್ಲೇಟ್ ತಾನಾಗಿಯೇ ಮತ್ತೆ ಶುರು.

ಈಗ ನಾವು ಟ್ಯೂಬಿಗೆ ಕ್ಲಾಂಪ್ ಹಾಕುತ್ತೇವೆ. ಸಣ್ಣ ಪಂಪ್ ಇಟ್ಟು ಅದೇ ತಣ್ಣೀರನ್ನು ಸುತ್ತಿಸುತ್ತೇವೆ, ನಲ್ಲಿಯ ಹಂಗೇ ಇಲ್ಲ. ಟೆಂಪರೇಚರ್ ಪ್ರೋಬ್ ಎಣ್ಣೆಯೊಳಗೇ ಇರುತ್ತದೆ. ಹುಡ್ (ಆವಿ ಹೊರಗೆಳೆಯುವ ಗೂಡು) ಮೇಲೆ ಒಂದು ಚೀಟಿ ಕಡ್ಡಾಯ. ಯಾರ ರಿಯಾಕ್ಷನ್, ಏನಿದೆ, ಎಷ್ಟು ಡಿಗ್ರಿ, ಆಫ್ ಮಾಡುವುದು ಹೇಗೆ, ಫೋನ್ ನಂಬರ್. ಚೀಟಿ ಇಲ್ಲದ ರಿಯಾಕ್ಷನ್ ಕಂಡರೆ ಯಾರು ಬೇಕಾದರೂ ಆಫ್ ಮಾಡಬಹುದು. ಮೊದಲ ವಾರ ಜಗಳವೋ ಜಗಳ. ಈಗ ಚೀಟಿ ಇಲ್ಲದ್ದು ಒಂದೂ ಇರಲ್ಲ.

ಹಳೇ ಟೆಕ್ನಿಷಿಯನ್, ಧಾರವಾಡ

ಆ ಕೊನೇ ನಿಯಮ ಬಹಳ ಚಲೋ ಐತಿ. ಕದಿಯುತ್ತೇನೆ.

ಇನ್ನೊಂದು ಸೇರಿಸಿಕೊಳ್ಳಿ. ಹೈಡ್ರೋಜನೇಷನ್ (ಹೈಡ್ರೋಜನ್ ಸೇರಿಸುವ ರಿಯಾಕ್ಷನ್) ಆದಮೇಲೆ ಪಲ್ಲಾಡಿಯಂ ಕಾರ್ಬನ್ ಕ್ಯಾಟಲಿಸ್ಟ್ ಸೋಸಿದ ಫಿಲ್ಟರ್ ಪೇಪರನ್ನು ಒಣಗಲು ಬಿಡಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಗಾಳಿ ತಾಗಿ ಒಣಗುತ್ತಲೇ ಮೆಥನಾಲ್ ಸಮೇತ ಹೊತ್ತಿಕೊಳ್ಳುತ್ತದೆ. ಒದ್ದೆ ಇರುವಾಗಲೇ ನೀರು ಹಾಕಿ ಬೇರೆ ಡಬ್ಬಿಗೆ.

ರಿಫ್ಲಕ್ಸ್ ರಾಜ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಆದದ್ದು ಹೇಳುತ್ತೇನೆ.

ಹಳೇ ಪುಟಗಳಿಗೆ ಗೆರೆ ಎಳೆದೆ. ಆಫೀಸಿನವರು ಮುಖ ಊದಿಸಿಕೊಂಡರು. ಇವತ್ತಿನ ಪುಟ ತುಂಬಿ, ಸರಿ ಇಲ್ಲದ್ದನ್ನೆಲ್ಲ ಮೇಲ್ ಮಾಡಿದೆ. ಸಿಒಟು ಸಿಲಿಂಡರನ್ನು ಸ್ಟೋರಿನ ತಕ್ಕಡಿಯಲ್ಲಿ ತೂಗಿದೆವು. ಅದರ ಮೈಮೇಲೆ ಖಾಲಿ ತೂಕ ಬರೆದಿರುತ್ತಾರಲ್ಲ, ಹೆಚ್ಚುಕಡಿಮೆ ಅಷ್ಟೇ ಬಂತು. ಅಂದರೆ ಒಳಗೆ ಏನೂ ಇಲ್ಲ! ಚೀಟಿಯಲ್ಲಿ ಮಾತ್ರ ಮುಂದಿನ ವರ್ಷದವರೆಗೆ ಸರಿ ಅಂತ ಇದೆ.

ಗೈಡ್ ಜೊತೆ ಕೂತು ಮಾತಾಡಿದೆ. ಮೊದಲು "ಇದೊಂದು ಫಾರ್ಮಾಲಿಟಿ ಕಣಯ್ಯಾ" ಅಂದರು. ತೂಕದ ವಿಷಯ ಹೇಳಿದ ಮೇಲೆ ಸುಮ್ಮನಾದರು. ನಿಲ್ಲಿಸುವ ಅಧಿಕಾರ ಬರೆದುಕೊಡಿ ಅಂದೆ. ಎರಡು ಸಾಲಿನ ಮೇಲ್ ಕಳಿಸಿದ್ದಾರೆ, ಲ್ಯಾಬಿನ ಎಲ್ಲರಿಗೂ. ತಪಾಸಣೆ ಮಾಡಿ ತಿಳಿಸುವುದು ನನ್ನ ಕೆಲಸ, ಸರಿಪಡಿಸುವ ಹೊಣೆ ತಮ್ಮದು ಮತ್ತು ಡಿಪಾರ್ಟ್‌ಮೆಂಟಿನದು ಅಂತ. ಹೊಸ ಫ್ರಿಜ್‌ಗೆ ಮಾತ್ರ "ನೋಡೋಣ" ಅಂದಿದ್ದಾರೆ. ಹಿಂದಿನ ಗ್ರಿಲ್ ಬೀಗದ ವಿಷಯ ಸೆಕ್ಯೂರಿಟಿ ಆಫೀಸಿಗೆ ಹೋಗಿದೆ, ಇನ್ನೂ ಉತ್ತರ ಬಂದಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಟ್ರೈನಿಂಗ್ ಯಾರ ಹತ್ತಿರ ಕೇಳುವುದು? ಹೊರಗಿನ ಕಂಪನಿಗೆ ಕೊಡಲು ದುಡ್ಡಿಲ್ಲವಂತೆ.

ಸುಮ್ನೆ ಒಬ್ಬ

ಖಾಲಿ ಸಿಲಿಂಡರಾ? ಛೆ. ನಾಳೆ ನಮ್ಮದನ್ನೂ ತೂಗುತ್ತೇನೆ.

ನಿವೃತ್ತ ಅಗ್ನಿಶಾಮಕ

ಹತ್ತಿರದ ಫೈರ್ ಸ್ಟೇಷನ್‌ಗೆ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಪತ್ರ ಕೊಡಿಸು ಮರಿ. ಏಪ್ರಿಲ್ 14ರಿಂದ 20 ಅಗ್ನಿಶಾಮಕ ಸೇವಾ ಸಪ್ತಾಹ, ಆಗ ಎಲ್ಲಾ ಕಡೆ ಡೆಮೊ ಮಾಡುತ್ತಾರೆ. 1944ರ ಏಪ್ರಿಲ್ 14ರಂದು ಬಾಂಬೆ ಬಂದರಿನಲ್ಲಿ ಹಡಗು ಸಿಡಿದು ನಮ್ಮ 66 ಜನ ಹೋದರು, ಅವರ ನೆನಪಿಗೆ ಆ ವಾರ. ಬೇರೆ ತಿಂಗಳಲ್ಲೂ ಕೇಳಿದರೆ ಬರುತ್ತಾರೆ.

ಬಂದಾಗ ಅವರಿಗೆ ನಿಮ್ಮ ಕಟ್ಟಡ ತೋರಿಸಿ. ಗಾಡಿ ಯಾವ ಗೇಟಿನಿಂದ ಬರಬೇಕು, ದಾರಿಯಲ್ಲಿ ಬೈಕ್ ನಿಲ್ಲಿಸಿರುತ್ತೀರಾ, ನೀರು ಎಲ್ಲಿದೆ, ಅವರೇ ನೋಡಿಕೊಳ್ಳುತ್ತಾರೆ. ಲ್ಯಾಬಿನ ಬಾಗಿಲ ಹೊರಗೆ ಒಂದು ಹಾಳೆ ಅಂಟಿಸು, ಅದರದ್ದೇ ಪ್ರತಿ ಗೇಟಿನ ಸೆಕ್ಯೂರಿಟಿ ಹತ್ತಿರವೂ ಇರಲಿ. ಒಳಗೆ ಸೋಡಿಯಂ ಇದೆಯಾ, ಹೈಡ್ರೋಜನ್ ಸಿಲಿಂಡರ್ ಎಷ್ಟು, ಎಲ್ಲಿ, ಸಾಲ್ವೆಂಟ್ ಎಷ್ಟು ಲೀಟರ್, ರಾತ್ರಿ ಯಾರಿಗೆ ಫೋನ್ ಮಾಡಬೇಕು. ನಮ್ಮ ಹುಡುಗರು ಪೈಪ್ ಹಿಡಿದು ಒಳಗೆ ನುಗ್ಗುವವರು. ನೀರು ಹೊಡೆಯಬಾರದ ವಸ್ತು ಒಳಗಿದೆ ಅಂತ ಅವರಿಗೆ ಬಾಗಿಲಲ್ಲೇ ಗೊತ್ತಾಗಬೇಕು. 112ಕ್ಕೆ ಇಲ್ಲವೇ 101ಕ್ಕೆ ಫೋನ್ ಮಾಡಿದವನು ಗೇಟಿನ ಹತ್ತಿರ ಹೋಗಿ ನಿಲ್ಲಬೇಕು.

ರಿಫ್ಲಕ್ಸ್ ರಾಜ

ಹಾಳೆ ಇವತ್ತೇ ಮಾಡುತ್ತೇನೆ ಸರ್. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಲಾ?

ನಿವೃತ್ತ ಅಗ್ನಿಶಾಮಕ

ಕನ್ನಡ ಮೇಲೆ, ದೊಡ್ಡ ಅಕ್ಷರದಲ್ಲಿ. ಲ್ಯಾಮಿನೇಟ್ ಮಾಡಿಸು.